ಎತ್ತರದ ವ್ಯಾನು, ತಗ್ಗಿನ ಕಾರು

ಹಳೆಯ ವ್ಯಾನು ಮೇಲೋ ಹೊಸ ಪುಟ್ಟ ಕಾರು ಮೇಲೋ ಎಂದು ಗಾಜಣ್ಣನನ್ನು ಯಾರೂ ಕೇಳಿರಲಿಲ್ಲ. ಕೇಳದೆಯೇ ಹೇಳುವುದು ಅವನ ಹುಟ್ಟುಗುಣ. ಊಟಕ್ಕೆ ಕೂತರೆ ವ್ಯಾನಿನ ಗುಣಗಾನ, ಕೈ ತೊಳೆಯಲು ಎದ್ದರೆ ಕಾರಿನ ದೋಷ. ಎದುರಿಗೆ ಕೂತ ಹೆಂಡತಿ ಪ್ಲಾಸ್ಟರ್ ಹಾಕಿದ ಬಲಗೈಯನ್ನು ಮೇಜಿನ ಮೇಲೆ ಇಟ್ಟುಕೊಂಡು, ಎಡಗೈಯಲ್ಲಿ ಚಮಚ ಹಿಡಿದು, ಗೋಡೆ ನೋಡುತ್ತ ಊಟ ಮಾಡುತ್ತಿದ್ದಳು. ಬುದ್ಧಿ ಇದ್ದ ಗಂಡಸಾಗಿದ್ದರೆ ಆ ಬಲಗೈಯನ್ನು ಒಮ್ಮೆ ನೋಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಗಾಜಣ್ಣ, "ನಿನ್ನ ತಮ್ಮನ ಕಾರಿನ ಡಿಕ್ಕಿಯಲ್ಲಿ ಒಂದು ಟೀಪಾಯಿ ಗಾಜೂ ಹಿಡಿಸಲ್ಲ ಕಣೇ," ಎಂದ.

"ನಾನು ಟೀಪಾಯಿ ಅಲ್ಲವಲ್ಲ," ಎಂದಳು ಅವಳು, ಗೋಡೆಗೆ ಹೇಳುವಂತೆ.

ಗಾಜಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಕಿಟಕಿಗೆ ಗಾಜು, ಸಲೂನಿಗೆ ಕನ್ನಡಿ, ಅಂಗಡಿಗಳಿಗೆ ಶೋಕೇಸು, ಹೀಗೆ ಕೊಯ್ದು ಕೂರಿಸುವುದು ಅವನ ಕಸುಬು. ಮಹಡಿಯಲ್ಲಿ ಮನೆ, ಕೆಳಗೆ ಅಂಗಡಿ. ಅಂಗಡಿಯ ಫೋನು, ಬಿಲ್ಲು, ಗಿರಾಕಿಗಳ ಜೊತೆ ಜಗಳ ಎಲ್ಲವೂ ಅವನ ಅಕ್ಕನ ಪಾಲು. ಗಾಜಣ್ಣನ ಪಾಲಿಗೆ ಗಾಜು ಮತ್ತು ವ್ಯಾನು. ಆ ವ್ಯಾನು ಅವನ ಮಗಳಿಗಿಂತ ಸ್ವಲ್ಪವೇ ಚಿಕ್ಕದು. ಮಗಳು ಮದುವೆಯಾಗಿ ಹೊರಟುಹೋದಳು, ವ್ಯಾನು ಮಾತ್ರ ಬಾಗಿಲಲ್ಲೇ ಉಳಿಯಿತು. ಹಿಂದಿನ ಸೀಟುಗಳನ್ನು ಕಿತ್ತು, ಗಾಜು ನಿಲ್ಲಿಸಲು ದಪ್ಪ ಬಟ್ಟೆ ಸುತ್ತಿದ ಮರದ ಚೌಕಟ್ಟು ಕೂರಿಸಿದ್ದ. ಮುಂದಿನ ಸೀಟಿನ ಮೇಲೆ ಕಟರು, ಅಂಟಿನ ಡಬ್ಬ, ಅಳತೆ ಪಟ್ಟಿ. ಹೆಂಡತಿಗೆ ಉಳಿದದ್ದು ನಡುವಿನ ಸೀಟು. ಅಲ್ಲಿಗೆ ಹತ್ತಬೇಕಾದರೆ ಜಾರುವ ಬಾಗಿಲನ್ನು ಎರಡು ಕೈಯಲ್ಲಿ ಎಳೆದು, ಮೊಣಕಾಲೆತ್ತರದ ಮೆಟ್ಟಿಲ ಮೇಲೆ ಕಾಲಿಡಬೇಕು. ಇಷ್ಟು ವರ್ಷ ಅವಳು ಹತ್ತಿದ್ದಳು, ಇಳಿದಿದ್ದಳು, ಒಂದು ಮಾತು ಆಡಿರಲಿಲ್ಲ.

ಗಾಜಿನ ಕಸುಬಿನವರಿಗೆ ಮೊದಲ ದಿನ ಕಲಿಸುವ ಪಾಠ ಒಂದಿದೆ: ಬೀಳುವ ಗಾಜನ್ನು ಹಿಡಿಯಬಾರದು. ಜಾರಿತು ಅನ್ನಿಸಿದ ಕ್ಷಣ "ಬಿಡು!" ಎಂದು ಕೂಗಿ, ಎರಡೂ ಕೈ ಮೇಲೆತ್ತಿ, ಹಿಂದಕ್ಕೆ ಹಾರಬೇಕು. ಗಾಜು ಒಡೆದರೆ ಬೇರೆ ಕೊಯ್ಯಬಹುದು, ಅಂಗೈಯ ನರ ಕೊಯ್ದರೆ ಕಸುಬೇ ಮುಗಿಯಿತು. ಗಾಜಣ್ಣನಿಗೆ ಕಲಿಸಿದ ಮೇಸ್ತ್ರಿ ಈ ಪಾಠವನ್ನು ಕಪಾಳಕ್ಕೆ ಬಾರಿಸಿ ಬಾರಿಸಿ ಕಲಿಸಿದ್ದ. ಅದು ತಲೆಗೆ ಹೋಯಿತೋ ಇಲ್ಲವೋ, ಮೈಗೆ ಮಾತ್ರ ಚೆನ್ನಾಗಿ ಹತ್ತಿತು. ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಜಾರಿದರೆ ಗಾಜಣ್ಣ ಬಾಗಿಲಾಚೆ ಇರುತ್ತಿದ್ದ. ಒಮ್ಮೆ ಪಕ್ಕದ ಮನೆಯ ಬೆಕ್ಕು ಕಾಂಪೌಂಡಿನಿಂದ ಹಾರಿದ್ದಕ್ಕೆ "ಬಿಡು!" ಎಂದು ಕಿರುಚಿ ಹಿಂದೆ ಸರಿದು, ಹೂಕುಂಡದ ಮೇಲೆ ಕೂತು, ಕುಂಡವನ್ನೂ ಒಡೆದು ತನ್ನ ಮರ್ಯಾದೆಯನ್ನೂ ಕಳೆದುಕೊಂಡಿದ್ದ. ಮನೆಯವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಹೆಂಡತಿ.

ಆ ನಗು ನಿಂತದ್ದು ಕಣ್ಣಿನ ಕ್ಲಿನಿಕ್ಕಿನ ಮುಂದೆ. ಅವಳು ಅಲ್ಲಿ ರಿಸೆಪ್ಷನಿನಲ್ಲಿ ಕೂರುತ್ತಾಳೆ. ಅಂದು ಬೆಳಗ್ಗೆ ಎಂದಿನಂತೆ ವ್ಯಾನು ನಿಲ್ಲಿಸಿದ, ಇಳಿದ, ಬಾಗಿಲು ಎಳೆದ, ಎದುರಿಗೇ ನಿಂತ. ಮೆಟ್ಟಿಲ ಮೇಲಿನ ರಬ್ಬರ್ ಹಾಳೆ ಎದ್ದುಬಂದಿತ್ತು. ಅವಳ ಚಪ್ಪಲಿ ಅದಕ್ಕೆ ಸಿಕ್ಕಿಕೊಂಡಿತು. ಎರಡೂ ಕೈ ಚಾಚಿ, ಎದುರಿಗಿದ್ದ ಗಂಡನ ಕಡೆಗೇ ಬಿದ್ದಳು. ಗಂಡ ಕೈಗಳನ್ನು ಆಕಾಶಕ್ಕೆತ್ತಿ ಹಿಂದಕ್ಕೆ ಹಾರಿದ. ಹಾರಿದ್ದು ಸಾಲದೆಂದು "ಬಿಡು! ಬಿಡು!" ಎಂದು ಕೂಗಿದ. ಅವಳು ಏನನ್ನು ಬಿಡಬೇಕಿತ್ತೋ ದೇವರಿಗೇ ಗೊತ್ತು. ಮಣಿಕಟ್ಟು ಲಟಕ್ಕೆಂದಿತು. ಕಣ್ಣು ಮಂಜಾಗಿದೆ ಎಂದು ತೋರಿಸಲು ಬಂದು ಸಾಲಿನಲ್ಲಿ ನಿಂತಿದ್ದವರಿಗೂ ಆ ದೃಶ್ಯ ಮಾತ್ರ ಸ್ಪಷ್ಟವಾಗಿ ಕಂಡಿತು.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಗಾಜಣ್ಣ ಬಾಯಿ ಬಿಟ್ಟ. "ಆ ರಬ್ಬರ್ ಹಾಳೆ ಬದಲಾಯಿಸಬೇಕು," ಎಂದ. ಸ್ವಲ್ಪ ದೂರ ಹೋದ ಮೇಲೆ, "ಆ ಚಪ್ಪಲಿನೂ ಸರಿ ಇಲ್ಲ ಬಿಡು," ಎಂದ. ಬಿಡು ಎಂಬ ಮಾತು ಬಾಯಿಂದ ಹೊರಟ ಮೇಲೆ ಅದು ಇನ್ನೊಮ್ಮೆ ಹೊರಟಿತಲ್ಲ ಎಂದು ಅವನಿಗೆ ಹೊಳೆಯಿತು. ಹೊಳೆದು ಪ್ರಯೋಜನವೇನು? ಅವಳು ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

ಮರುವಾರದಿಂದ ಅವಳನ್ನು ಕ್ಲಿನಿಕ್ಕಿಗೆ ಬಿಡಲು ಅವಳ ತಮ್ಮನ ಕಾರು ಬರತೊಡಗಿತು. ತಮ್ಮ ಟೈಲ್ಸ್ ಅಂಗಡಿಯ ಮ್ಯಾನೇಜರು. ಬಣ್ಣ ಇನ್ನೂ ಹೊಳೆಯುವ ಪುಟ್ಟ ಸೆಡಾನು, ನೆಲಕ್ಕೆ ಅಂಟಿಕೊಂಡಂತೆ ತಗ್ಗು. ಬಾಗಿಲು ಮುಚ್ಚಿದರೆ ಸದ್ದೇ ಇಲ್ಲ. ಗಾಜಣ್ಣನ ವ್ಯಾನಿನ ಬಾಗಿಲು ಮುಚ್ಚಿದರೆ ಬೀದಿಯ ಕೊನೆಯಲ್ಲಿ ಮಲಗಿದ ಮಗು ಏಳುತ್ತಿತ್ತು. "ಅಕ್ಕಂಗೂ ಇಂಥದ್ದೇ ಒಂದು ಬುಕ್ ಮಾಡಿಬಿಡಿ ಭಾವ," ಎಂದ ತಮ್ಮ. "ಕೆಲಸಕ್ಕೆ ವ್ಯಾನ್ ಇರ್ಲಿ, ಅಕ್ಕನೇ ಓಡಿಸಿಕೊಂಡು ಹೋಗ್ತಾಳೆ. ಲೈಸೆನ್ಸ್ ಇದೆಯಲ್ಲ." ಅಲ್ಲಿಂದ ಶುರುವಾಯಿತು ಗಾಜಣ್ಣನ ಭಾಷಣ. ವ್ಯಾನಿನಲ್ಲಿ ಕೂತರೆ ಇಡೀ ರಸ್ತೆ ಕಾಣುತ್ತದೆ, ಕಾರಿನಲ್ಲಿ ಕೂತರೆ ಮುಂದಿನ ಗಾಡಿಯ ನಂಬರ್ ಪ್ಲೇಟು. ವ್ಯಾನಿನ ಕಿಟಕಿ ಕೈಯಿಂದ ತಿರುಗಿಸಬಹುದು, ಕಾರಿನದು ಕರೆಂಟಿನದು, ಕೆಟ್ಟರೆ ಒಳಗೇ ಬೆಂದುಹೋಗಬೇಕು. ವ್ಯಾನಿನಲ್ಲಿ ಎ.ಸಿ. ಇಲ್ಲ, ಅದಕ್ಕೇ ನೆಗಡಿಯೂ ಇಲ್ಲ. ಎ.ಸಿ. ಇಲ್ಲದ್ದನ್ನೂ ಗುಣವೆಂದು ಹೇಳಿದಾಗ ಅವನಿಗೇ ನಾಚಿಕೆಯಾಯಿತು, ಆದರೆ ಮಾತು ಆಡಿಯಾಗಿತ್ತು.

ಒಂದು ಭಾನುವಾರ ಭಾಮೈದ ಅವನನ್ನು ಬಲವಂತದಿಂದ ಕಾರಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿಸಿದ. ಹತ್ತುವಾಗ ಗಾಜಣ್ಣನ ತಲೆ ಚಾವಣಿಗೆ ಬಡಿಯಿತು. ಕೂತಮೇಲೆ ಮೊಣಕಾಲು ಗದ್ದಕ್ಕೆ ಬಂತು. ಹಿಂದೆ ಹೆಂಡತಿ ಕೂತಿದ್ದಳು. ಭಾಮೈದ ಒಂದೊಂದೇ ಗುಂಡಿ ಒತ್ತಿ ತೋರಿಸಿದ: ಹಿಂದೆ ಬರುವಾಗ ಕ್ಯಾಮೆರಾ, ಬೆಲ್ಟ್ ಹಾಕದಿದ್ದರೆ ಗಂಟೆ.

"ಇದರೊಳಗೆ ಏರ್‌ಬ್ಯಾಗ್ ಇದೆ ಭಾವ," ಎಂದು ಸ್ಟೀರಿಂಗ್ ತಟ್ಟಿದ. "ನಾವು ಮುಂದಕ್ಕೆ ಬಿದ್ವಿ ಅನ್ನಿ, ಕಣ್ಣು ಮಿಟುಕಿಸೋದ್ರೊಳಗೆ ಕಾರೇ ಹಿಡ್ಕೊಂಡುಬಿಡುತ್ತೆ!"

ಗಾಜಣ್ಣನಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಒಂದು ಬಲೂನಿನ ಚೀಲಕ್ಕಿರುವಷ್ಟು ಯೋಗ್ಯತೆಯೂ ತನಗಿಲ್ಲವಲ್ಲ ಎಂದುಕೊಂಡ.

ಮನೆಗೆ ಬಂದಮೇಲೆ ಅವಳು ನೇರವಾಗಿ ಹೇಳಿದಳು. "ರೀ, ಡಿಕ್ಕಿ, ಎ.ಸಿ., ಕಿಟಕಿ ಅಂತ ನನ್ನ ತಲೆ ತಿನ್ನಬೇಡಿ. ಬಿದ್ರೆ ಹಿಡಿಯೋ ಜನ ಇರಬೇಕು. ಇಲ್ಲಾಂದ್ರೆ ಬೀಳೋಕೆ ಆಗದೇ ಇರೋ ಅಂಥ ಗಾಡಿ ಇರಬೇಕು. ಮೊದಲನೇದು ನಂಗಿಲ್ಲ, ಎರಡನೇದಾದ್ರೂ ಇರ್ಲಿ."

ಅಷ್ಟು ಹೇಳಿ ಅಡುಗೆಮನೆಗೆ ಹೋದಳು. ಅಟ್ಟದಿಂದ ಡಬ್ಬ ಇಳಿಸಬೇಕಿತ್ತು. ಗಾಜಣ್ಣ ಅಲ್ಲೇ ಪೇಪರು ಹಿಡಿದು ಕೂತಿದ್ದರೂ, ಅವಳು ಮೆಟ್ಟಿಲ ತುದಿಗೆ ಹೋಗಿ, "ಅತ್ತಿಗೆ, ಒಂಚೂರು ಬಂದು ಸ್ಟೂಲ್ ಹಿಡ್ಕೊಳ್ತೀರಾ?" ಎಂದು ಅಂಗಡಿಯಲ್ಲಿದ್ದ ಅಕ್ಕನನ್ನು ಕೂಗಿದಳು. ಅಕ್ಕ ಏದುಸಿರು ಬಿಡುತ್ತ ಮೇಲೆ ಬಂದು, ತಮ್ಮನ ಮುಖ ನೋಡಿ, ಸ್ಟೂಲ್ ಹಿಡಿದುಕೊಂಡಳು. ಗಾಜಣ್ಣ ಪೇಪರಿನೊಳಗೆ ಮುಖ ಹೂತುಕೊಂಡ. ಇಷ್ಟು ಕಾಲ ಜೊತೆಗಿದ್ದವಳು ತನ್ನನ್ನು ನಂಬುವುದನ್ನೇ ನಿಲ್ಲಿಸಿಬಿಟ್ಟಳು, ಇದು ಗಾಡಿಯ ಮಾತೇ ಅಲ್ಲ ಎಂದು ಆ ದಡ್ಡನಿಗೆ ಅರ್ಥವಾದದ್ದು ಆಗಲೇ.

ಅರ್ಥವಾದ ಮೇಲೆ ಬೇರೆ ಯಾರಾದರೂ ಎದ್ದುಹೋಗಿ ಹೆಂಡತಿಯ ಹತ್ತಿರ ಮಾತಾಡುತ್ತಿದ್ದರು. ಗಾಜಣ್ಣ ಮರುದಿನ ಮಧ್ಯಾಹ್ನ ಅಂಗಡಿಯ ಷಟರನ್ನು ಅರ್ಧ ಇಳಿಸಿ, ಕೈಯಲ್ಲಿ ದಿಂಬು ಹಿಡಿದು ಅಕ್ಕನ ಮುಂದೆ ನಿಂತ.

"ಅಕ್ಕಾ, ಇದನ್ನ ನನ್ನ ಮೇಲೆ ಎಸಿ."

"ಏನೋ, ತಲೆ ನೆಟ್ಟಗಿದೆಯೇನೋ?"

"ಎಸಿಯೇ ಅಂದ್ರೆ. ಹಿಡಿಯೋದನ್ನ ಅಭ್ಯಾಸ ಮಾಡ್ಕೋಬೇಕು."

ಅಕ್ಕ ಎಸೆದಳು. ಗಾಜಣ್ಣ ಕೈ ಮೇಲೆತ್ತಿ ಹಿಂದಕ್ಕೆ ಹಾರಿದ. ಇನ್ನೊಮ್ಮೆ ಎಸೆದಳು, ಇನ್ನೊಮ್ಮೆ ಹಾರಿದ. "ಅಯ್ಯೋ ನಿನ್ನ, ದಿಂಬಿಗೆ ಹೆದರೋನನ್ನ ಇವತ್ತೇ ನೋಡಿದ್ದು ಕಣೋ," ಎಂದು ಅಕ್ಕ ಕುರ್ಚಿಯಲ್ಲಿ ಕುಸಿದು ನಕ್ಕಳು. ಸುತ್ತ ಗೋಡೆಗೆ ಒರಗಿಸಿದ್ದ ಕನ್ನಡಿಗಳಲ್ಲೆಲ್ಲ ಒಬ್ಬೊಬ್ಬ ಗಾಜಣ್ಣ ಕೈ ಎತ್ತಿ ನಿಂತಿದ್ದ. ಬೆಪ್ಪುತಕ್ಕಡಿ ಒಬ್ಬನಾದರೆ ಹೇಗೋ ಸಹಿಸಬಹುದು, ಇಲ್ಲಿ ಅಂಗಡಿ ತುಂಬ ಅವರೇ.

ಆದರೂ ಬಿಡಲಿಲ್ಲ. ಮಧ್ಯಾಹ್ನವಾದರೆ ಷಟರು ಇಳಿಯುತ್ತಿತ್ತು, ದಿಂಬು ಹಾರುತ್ತಿತ್ತು. ಅಕ್ಕನೇ ಒಂದು ಉಪಾಯ ಹೇಳಿದಳು: "ಬಿಡು ಅಂತ ಕೂಗ್ತೀಯಲ್ಲ, ಅದರ ಬದಲು ಹಿಡಿ ಅಂತ ಕೂಗು." ಹಾಗೆ ಕೂಗತೊಡಗಿದ ಮೇಲೆ ಕೈ ನಿಧಾನಕ್ಕೆ ಮಾತು ಕೇಳಿತು. ಮೊದಲು ದಿಂಬು ಸಿಕ್ಕಿತು, ಆಮೇಲೆ ಕೈಚೀಲ, ಆಮೇಲೆ ಮಡಿಸಿದ ಟಾರ್ಪಾಲು. ಒಂದು ಸಂಜೆ ಗಿರಾಕಿಯೊಬ್ಬರ ಕೈಯಿಂದ ಜಾರಿದ ಛತ್ರಿಯನ್ನು ನೆಲ ಮುಟ್ಟುವ ಮೊದಲೇ ಹಿಡಿದು, "ನೋಡಿದ್ರಾ? ನೋಡಿದ್ರಾ?" ಎಂದು ಮುಖವರಳಿಸಿದ. ಗಿರಾಕಿ ಛತ್ರಿ ಕಿತ್ತುಕೊಂಡು ಹೊರಟುಹೋದರು.

ಇನ್ನು ಉಳಿದದ್ದು ಹೆಂಡತಿಗೆ ತೋರಿಸುವುದು. ಅದಕ್ಕೆ ಅವಳು ಇನ್ನೊಮ್ಮೆ ಬೀಳಬೇಕಿತ್ತು. ಗಾಜಣ್ಣ ಅವಳು ಮೆಟ್ಟಿಲಿಳಿಯುವಾಗ ಹಿಂದೆ ಹಿಂದೆ, ಬಚ್ಚಲು ತೊಳೆಯುವಾಗ ಬಾಗಿಲ ಹತ್ತಿರ, ಕಾಲೊರೆಸುವ ಮ್ಯಾಟು ದಾಟುವಾಗ ಪಕ್ಕದಲ್ಲಿ ಸುಳಿದಾಡಿದ. ಅವಳು ಗೋಡೆ ಹಿಡಿದು, ಕಂಬಿ ಹಿಡಿದು, ಹುಷಾರಾಗಿ ನಡೆದಳು. ಒಂದು ದಿನ ತಾನು ಏನನ್ನು ಕಾಯುತ್ತಿದ್ದೇನೆಂದು ಅವನಿಗೇ ಹೊಳೆಯಿತು. ಹೆಂಡತಿ ಬೀಳಲಿ ಎಂದು ಕಾಯುವ ಗಂಡ! ಇದಕ್ಕಿಂತ ಕೆಳಗೆ ಇಳಿಯಲು ಇನ್ನು ಜಾಗವಿಲ್ಲ ಎಂದು ತನ್ನನ್ನು ತಾನೇ ಚೆನ್ನಾಗಿ ಬೈದುಕೊಂಡ.

ಜಾಗ ಇತ್ತು. ಅವಳ ಪ್ಲಾಸ್ಟರ್ ಬಿಚ್ಚಿದ ವಾರವೇ ಸಲೂನಿನವರ ದೊಡ್ಡ ಕನ್ನಡಿ ಸಿದ್ಧವಾಗಿತ್ತು. ದಿಂಬಿನ ಅಭ್ಯಾಸಕ್ಕೆಂದು ಕೈಗವಸು ಬಿಚ್ಚಿಟ್ಟವನು ಮತ್ತೆ ಹಾಕಿಕೊಳ್ಳುವುದನ್ನು ಮರೆತಿದ್ದ. ಕನ್ನಡಿಯ ಅಂಚು ಒರೆಸಲು ಅದನ್ನು ಸ್ವಲ್ಪ ಮುಂದಕ್ಕೆ ವಾಲಿಸಿದ್ದೇ, ಅಡಿಯ ಮರದ ತುಂಡು ಜಾರಿತು. ಕನ್ನಡಿಯೊಳಗಿನ ತನ್ನ ಮುಖ ತನ್ನ ಕಡೆಗೇ ಬರುವುದನ್ನು ಗಾಜಣ್ಣ ಕಂಡ. "ಹಿಡಿ!" ಎಂದು ಕೂಗಿದ. ಹಿಡಿದ. ಜೀವಮಾನದಲ್ಲಿ ಮೊದಲ ಬಾರಿಗೆ, ಹಿಡಿಯಲೇಬಾರದ ಒಂದೇ ಒಂದು ವಸ್ತುವನ್ನು, ಎರಡೂ ಬರಿಗೈಯಲ್ಲಿ, ಭದ್ರವಾಗಿ ಹಿಡಿದ.

ಅಕ್ಕ ಕಿರುಚಿಕೊಂಡು ಟವೆಲ್ಲು ಸುತ್ತಿ ಆಟೋ ಹತ್ತಿಸಿದಳು. ನರ ಕೊಯ್ಯದೆ ಉಳಿದಿತ್ತು, ಪುಣ್ಯ. ಎರಡೂ ಅಂಗೈಗೆ ಹೊಲಿಗೆ ಹಾಕಿ, ಹತ್ತಿ ಸುತ್ತಿ, ಡಾಕ್ಟರು ಅವನ ಕೈಗಳನ್ನು ಎರಡು ಬಿಳಿ ಗಂಟು ಮಾಡಿ ಕಳಿಸಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಹೆಂಡತಿ ಕ್ಲಿನಿಕ್ಕಿನಿಂದ ಓಡೋಡಿ ಬಂದಳು. ಮುಖ ಬಿಳುಚಿಕೊಂಡಿತ್ತು. ಕೈಗಳನ್ನು ನೋಡಿದಳು, ಅಕ್ಕನಿಂದ ವಿಷಯ ಕೇಳಿದಳು, ಮತ್ತೆ ಕೈಗಳನ್ನು ನೋಡಿದಳು.

"ಗಾಜನ್ನ ಹಿಡಿದ್ರಾ?" ಎಂದಳು.

ಗಾಜಣ್ಣ ಆ ಬಿಳಿ ಗಂಟುಗಳನ್ನು ಬೆನ್ನ ಹಿಂದೆ ಅಡಗಿಸಲು ನೋಡಿದ.

"ನಾನು ಬಿದ್ದಾಗ ಹಿಂದಕ್ಕೆ ಹಾರಿದ್ರಿ. ಗಾಜು ಬಿದ್ದಾಗ ಹಿಡಿದ್ರಾ?"

ಈ ಲೋಕದಲ್ಲಿ ಇದಕ್ಕೆ ಹೇಳಬಹುದಾದ ಉತ್ತರಗಳು ಎಷ್ಟೋ ಇದ್ದವು. ಗಾಜಣ್ಣ ಅವೆಲ್ಲವನ್ನೂ ಬಿಟ್ಟು, "ಸಲೂನಿನವರು ಅರ್ಜೆಂಟ್ ಅಂದಿದ್ರು," ಎಂದ. ಅವಳು ಬೆಂಚಿನ ಆ ತುದಿಗೆ ಹೋಗಿ ಕೂತಳು.

ಮುಂದಿನ ದಿನಗಳಲ್ಲಿ ಅವಳು ಅವನಿಗೆ ಉಣ್ಣಿಸಿದಳು, ಅಂಗಿಯ ಗುಂಡಿ ಹಾಕಿದಳು, ತಲೆ ಬಾಚಿದಳು. ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ಕೂರಿಸಿ ಎಬ್ಬಿಸುವಷ್ಟೇ ಚೊಕ್ಕವಾಗಿ, ಬೇಕಾದಷ್ಟೇ ಮಾತಾಡುತ್ತ. ಬಾಯಿ ತೆಗೀರಿ. ಸಾಕಾ? ನೀರು? ಗಾಜಣ್ಣ ಮಗುವಿನಂತೆ ಬಾಯಿ ತೆರೆಯುತ್ತಿದ್ದ, ಮಗುವಿನಷ್ಟೂ ಮಾತು ಬರುತ್ತಿರಲಿಲ್ಲ. ಒಂದು ಸಂಜೆ ಒಳಗೆ ಮಲಗಿದ್ದಾಗ ಅಡುಗೆಮನೆಯಲ್ಲಿ ಅಕ್ಕ ದಿಂಬಿನ ಕಥೆಯನ್ನೆಲ್ಲ ಹೇಳುವುದು ಕೇಳಿಸಿತು. ಅಬ್ಬಾ, ಬದುಕಿದೆ, ಇನ್ನು ನಕ್ಕುಬಿಡುತ್ತಾಳೆ ಎಂದುಕೊಂಡು ಕಿವಿ ನಿಮಿರಿಸಿದ.

ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಪಾತ್ರೆ ತೊಳೆಯುವ ಸದ್ದು. ಆಮೇಲೆ, "ದಿಂಬಿನ ಹತ್ರ ಅಷ್ಟೊಂದು ಕಷ್ಟಪಟ್ರಲ್ಲ ಅತ್ತಿಗೆ, ನನ್ನ ಹತ್ರ ಬಂದು ಒಂದು ಮಾತು ಆಡೋಕೆ ಏನಾಗಿತ್ತು ಇವರಿಗೆ?" ಎಂದಳು. ದನಿ ಒಡೆದಿತ್ತು. ಗಾಜಣ್ಣ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಳ್ಳಲು ನೋಡಿದ. ಅದಕ್ಕೂ ಕೈ ಬೇಕಿತ್ತು.

ಹೊಲಿಗೆ ಬಿಚ್ಚುವ ದಿನ ಭಾಮೈದ ಕಾರನ್ನು ತಂದು ನಿಲ್ಲಿಸಿ, ಕೀಲಿಯನ್ನು ತನ್ನ ಅಕ್ಕನ ಕೈಗೆ ಕೊಟ್ಟು ಕೆಲಸಕ್ಕೆ ಹೋದ. ವ್ಯಾನಿನ ಬಿರುಸಾದ ಸ್ಟೀರಿಂಗ್ ತಿರುಗಿಸಲು ಅವಳ ಮಣಿಕಟ್ಟಿಗೆ ಇನ್ನೂ ಶಕ್ತಿ ಸಾಲದು. ಎಷ್ಟೋ ಕಾಲದ ಮೇಲೆ ಅವಳು ಸ್ಟೀರಿಂಗ್ ಹಿಡಿದಿದ್ದಳು. ಬೆನ್ನು ನೆಟ್ಟಗೆ ಮಾಡಿ, ತುಟಿ ಕಚ್ಚಿ, ಒಂದೊಂದು ತಿರುವಿನಲ್ಲೂ ಮೂರು ಕನ್ನಡಿ ನೋಡಿ ಓಡಿಸಿದಳು. ಚೆನ್ನಾಗಿ ಓಡಿಸುತ್ತೀಯ ಎನ್ನಬೇಕೆನಿಸಿತು ಗಾಜಣ್ಣನಿಗೆ. ವ್ಯಾನಿನ ಗಡಗಡ ಸದ್ದಿನಲ್ಲಿ ಗಂಡ ಹೆಂಡತಿ ಮಾತಾಡದೆ ಕೂತರೂ ಯಾರಿಗೂ ತಿಳಿಯುವುದಿಲ್ಲ. ಈ ಹಾಳು ಕಾರಿನೊಳಗೆ ಸುಮ್ಮನೆ ಕೂತದ್ದು ಕಿವಿಗೆ ಹೊಡೆಯುತ್ತಿತ್ತು. ಹೋಗುವಾಗಲೂ ಹಾಗೇ, ಬರುವಾಗಲೂ ಹಾಗೇ.

ಅಂಗಡಿಯ ಮುಂದೆ ಕಾರು ನಿಂತಿತು. ಅವಳು ಸುತ್ತಿಬಂದು ಬಾಗಿಲು ತೆಗೆದಳು.

"ಏಳಿ."

ಏಳಲು ಕೈ ಊರಬೇಕು. ಊರಲು ಕೈ ಎಲ್ಲಿದೆ? ಹೊಲಿಗೆ ಬಿಚ್ಚಿದ ಅಂಗೈಗೆ ಮತ್ತೆ ಹತ್ತಿ ಸುತ್ತಿದ್ದರು. ಮಂಡಿಯೂರಿ ಮಂಡಿಯೂರಿ ಗಾಜು ಕೂರಿಸಿ ಸವೆದ ಮೊಣಕಾಲುಗಳು ಆ ತಗ್ಗು ಸೀಟಿನಿಂದ ಮೇಲೇಳಲು ಸುತರಾಂ ಒಪ್ಪಲಿಲ್ಲ. ಒಮ್ಮೆ ಹೊಯ್ದಾಡಿದ, ಮತ್ತೆ ಕುಸಿದ. ಬಾಯಿ ಮಾತ್ರ ಹಳೆಯ ಚಾಳಿ ಬಿಡಲಿಲ್ಲ. "ನೋಡು, ಇದೇ ವ್ಯಾನ್ ಆಗಿದ್ದಿದ್ರೆ..." ಎಂದು ಶುರು ಮಾಡಿದ.

ಅವಳು ಬಗ್ಗಿ, ಎರಡೂ ಕೈಯನ್ನು ಅವನ ಕಂಕುಳಡಿ ತೂರಿಸಿದಳು. "ನನ್ನ ಮೇಲೆ ಭಾರ ಹಾಕಿ."

"ನಿನ್ನ ಕೈ ಈಗಷ್ಟೇ ವಾಸಿಯಾಗಿದೆ..."

"ಹಾಕಿ ಅಂದೆ."

ಭಾರ ಹಾಕಿದ. ಅವಳ ಮುಖ ಕೆಂಪಾಯಿತು, ಕಾಲು ಒಂದಿಷ್ಟು ನಡುಗಿತು. ಹಿಂದೆ ಸರಿಯಲಿಲ್ಲ. ಅರ್ಧ ಕಾರಿನೊಳಗೆ, ಅರ್ಧ ಬೀದಿಯಲ್ಲಿ, ಹೆಂಡತಿಯ ತೋಳಿನಲ್ಲಿ ಜೋತಾಡುತ್ತಿದ್ದ ಗಾಜಣ್ಣನಿಗೆ ಆ ಮಣಿಕಟ್ಟು ತನ್ನ ಪಕ್ಕೆಯ ಮೇಲೆ ಒತ್ತಿಕೊಂಡಿರುವುದು ಗೊತ್ತಾಯಿತು. ಅಕ್ಕ ಅಂಗಡಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎದುರಿನ ಬೇಕರಿಯವನು ನೋಡುತ್ತಿದ್ದ. ನೋಡಲಿ.

"ನಾನು ಹಿಡೀಬೇಕಿತ್ತು ಕಣೇ," ಎಂದ. "ನೀನು ನನ್ನ ಕಡೆಗೇ ಕೈ ಚಾಚಿದ್ದೆ. ನಾನು ನೋಡಿದೆ. ನೋಡಿನೂ ಸರಿದುಬಿಟ್ಟೆ. ತಪ್ಪು ರಬ್ಬರಿಂದೂ ಅಲ್ಲ, ಚಪ್ಪಲಿದೂ ಅಲ್ಲ. ನಂದು."

ಅವಳು ಎತ್ತುತ್ತಿದ್ದವಳು ಹಾಗೇ ನಿಂತಳು. ಅವಳ ಕಣ್ಣು ತುಂಬಿಬಂತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಇಷ್ಟು ಹೇಳೋಕೆ ಎರಡೂ ಕೈ ಕೊಯ್ಕೋಬೇಕಿತ್ತಾ?" ಎಂದಳು.

ಗಾಜಣ್ಣನಿಗೂ ಅಳು ಬಂತು. ಅವನೂ ಒರೆಸಿಕೊಳ್ಳುವಂತಿರಲಿಲ್ಲ. ಅವಳು ತನ್ನ ಭುಜದಿಂದಲೇ ಅವನ ಕೆನ್ನೆ ಉಜ್ಜಿದಳು.

"ಕೈ ವಾಸಿ ಮಾಡ್ಕೊಳ್ಳಿ. ಆಮೇಲೆ ಕ್ಲಿನಿಕ್ಕಿಗೆ ವ್ಯಾನಲ್ಲೇ ಬಿಡುವಿರಂತೆ," ಎಂದಳು. "ಈಗ ಏಳಿ. ಹಿಡ್ಕೊಂಡಿದೀನಿ."

ಗಾಜಣ್ಣ ಎದ್ದ.